ಲೇಖಕರನ್ನು ತರಗತಿಗೆ ಕರೆಸುವುದು ಹೇಗೆ: ಮೊದಲ ಫೋನಿನಿಂದ ಮಕ್ಕಳ ಪುಸ್ತಕದವರೆಗೆ

ನಾನು ಮೊದಲ ಸಲ ಲೇಖಕರೊಬ್ಬರನ್ನು ಶಾಲೆಗೆ ಕರೆಸಿದ ದಿನ ಸಭಾಂಗಣದಲ್ಲಿ ಮುನ್ನೂರು ಮಕ್ಕಳಿದ್ದರು. ಅವರು ಒಂದು ಗಂಟೆ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಮಕ್ಕಳು ನಕ್ಕರು, ಚಪ್ಪಾಳೆ ತಟ್ಟಿದರು, ಸಾಲಾಗಿ ನಿಂತು ಹಸ್ತಾಕ್ಷರ ಹಾಕಿಸಿಕೊಂಡರು. ಮಾರನೇ ದಿನ ತರಗತಿಯಲ್ಲಿ ಒಂದು ಪುಟ ಕಥೆ ಬರೆಯಿರಿ ಅಂದೆ. ಹಳೆಯ ಪ್ರಬಂಧಗಳೇ ಬಂದವು. ನೀತಿಯಿಂದ ಶುರುವಾಗಿ "ಆದ್ದರಿಂದ ನಾವೆಲ್ಲರೂ" ಅಂತ ಮುಗಿಯುವ ಪ್ರಬಂಧಗಳು.

ತಪ್ಪು ಲೇಖಕರದ್ದಲ್ಲ, ಮಕ್ಕಳದ್ದೂ ಅಲ್ಲ. ನಾವು ಅವರನ್ನು ಕರೆದದ್ದೇ ಭಾಷಣಕ್ಕೆ. ಬರವಣಿಗೆಯ ಬಗ್ಗೆ ಕೇಳಿದರೆ ಬರವಣಿಗೆ ಬರುವುದಿಲ್ಲ. ಬರೆಯುವವರ ಪಕ್ಕದಲ್ಲಿ ಕೂತು, ಅವರು ಒಂದು ಸಾಲು ಬರೆದು, ಹೊಡೆದುಹಾಕಿ, ಮತ್ತೆ ಬರೆಯುವುದನ್ನು ನೋಡಿದಾಗ ಬರುತ್ತದೆ. ಅದಾದ ಮೇಲೆ ನಾನು ಲೇಖಕರನ್ನು ಕರೆಸಿದಾಗೆಲ್ಲ ಬೇರೆ ರೀತಿಯಲ್ಲಿ ಕರೆಸಿದ್ದೇನೆ: ಸಣ್ಣ ಗುಂಪು, ಹಲವು ವಾರ, ಕೈಯಲ್ಲಿ ಪೆನ್ನು. ಆ ರೀತಿಯನ್ನೇ ಇಲ್ಲಿ ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದೇನೆ.

ಇದು ಹೊಸ ವಿಚಾರವೇನಲ್ಲ. ನ್ಯೂಯಾರ್ಕ್‌ನಲ್ಲಿ ಟೀಚರ್ಸ್ ಆ್ಯಂಡ್ ರೈಟರ್ಸ್ ಕೊಲ್ಯಾಬರೇಟಿವ್ ಎಂಬ ಸಂಸ್ಥೆ 1967ರಲ್ಲೇ ಶುರುವಾಯಿತು. ಲೇಖಕರನ್ನು ಶಾಲೆಗಳಿಗೆ ಕಳಿಸಿ, ಶಿಕ್ಷಕರ ಜೊತೆ ಸೇರಿ ಕೆಲಸ ಮಾಡಿಸುವುದು ಅದರ ಉದ್ದೇಶ. ಹೆಸರಿನಲ್ಲೇ ಇಬ್ಬರೂ ಇದ್ದಾರೆ, ಗಮನಿಸಿ. ಹ್ಯೂಸ್ಟನ್‌ನಲ್ಲಿ 1983ರಲ್ಲಿ ಇಂಥದ್ದೇ ಇನ್ನೊಂದು ಸಂಸ್ಥೆ, ರೈಟರ್ಸ್ ಇನ್ ದ ಸ್ಕೂಲ್ಸ್, ಹುಟ್ಟಿತು. ಡಬ್ಲಿನ್‌ನಲ್ಲಿ ಕಾದಂಬರಿಕಾರ ರಾಡಿ ಡಾಯ್ಲ್ ಮತ್ತು ಗೆಳೆಯರು 2009ರಲ್ಲಿ ಫೈಟಿಂಗ್ ವರ್ಡ್ಸ್ ಎಂಬ ಮಕ್ಕಳ ಬರವಣಿಗೆಯ ಕೇಂದ್ರ ಶುರು ಮಾಡಿದರು. ಅಂಥ ಸಂಸ್ಥೆ ನಿಮ್ಮ ಹತ್ತಿರ ಇಲ್ಲದಿದ್ದರೂ ಪರವಾಗಿಲ್ಲ. ಒಬ್ಬ ಶಿಕ್ಷಕರು, ಒಬ್ಬ ಲೇಖಕರು, ಒಂದು ಕೋಣೆ ಇದ್ದರೆ ಕೆಲಸ ಶುರುವಾಗುತ್ತದೆ.

1. ಏನು ಬೇಕು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಯಾರಿಗೂ ಫೋನ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಮೂರು ವಿಷಯ ಬರೆದುಕೊಳ್ಳಿ. ಯಾವ ವಯಸ್ಸಿನ ಮಕ್ಕಳು, ಎಷ್ಟು ಜನ, ಎಷ್ಟು ವಾರ.

ಸಂಖ್ಯೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಹದಿನೈದರಿಂದ ಇಪ್ಪತ್ತು ಮಕ್ಕಳಿದ್ದರೆ ಲೇಖಕರು ಪ್ರತಿಯೊಬ್ಬರ ಬರಹವನ್ನೂ ಓದಬಲ್ಲರು. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಎರಡು ಗುಂಪು ಮಾಡಿ. ವಾರದ ಲೆಕ್ಕ: ಕನಿಷ್ಠ ಆರು, ಎಂಟಾದರೆ ಇನ್ನೂ ಒಳ್ಳೆಯದು. ಮೊದಲ ಎರಡು ವಾರ ಮಕ್ಕಳು ಹೊಸಬರನ್ನು ಅಳೆಯುತ್ತಾ ಇರುತ್ತಾರೆ. ಮೂರನೇ ವಾರ ಬರೆಯುತ್ತಾರೆ. ತಿದ್ದುವ ಧೈರ್ಯ ಬರುವುದು ಐದನೇ ವಾರ. ಒಂದೇ ದಿನದ ಭೇಟಿಯಲ್ಲಿ ಇದ್ಯಾವುದೂ ಸಿಗುವುದಿಲ್ಲ.

ಒಂದೇ ದಿನ ಸಾಧ್ಯ ಅನ್ನುವ ಪರಿಸ್ಥಿತಿ ಇದ್ದರೆ ಬೇಡ ಅನ್ನಬೇಡಿ. ಆದರೆ ಆ ದಿನವನ್ನೂ ಭಾಷಣಕ್ಕೆ ಕೊಡಬೇಡಿ. ಫೈಟಿಂಗ್ ವರ್ಡ್ಸ್‌ನಂಥ ಕೇಂದ್ರಗಳಲ್ಲಿ ಚಿಕ್ಕ ಮಕ್ಕಳಿಗೆ ಮಾಡಿಸುವ ಒಂದು ಕ್ರಮ ಇದಕ್ಕೆ ತುಂಬಾ ಹೊಂದುತ್ತದೆ. ಎಲ್ಲ ಮಕ್ಕಳೂ ಸೇರಿ ಒಂದು ಕಥೆಯ ಶುರುವನ್ನು ಕಟ್ಟುತ್ತಾರೆ: ಯಾರು, ಎಲ್ಲಿ, ಅವರಿಗೆ ಏನು ಬೇಕು, ಯಾವುದರ ಭಯ. ಒಬ್ಬರು ಅದನ್ನು ಬರೆದುಕೊಳ್ಳುತ್ತಾ ಹೋಗುತ್ತಾರೆ, ಒಬ್ಬರು ಚಿತ್ರ ಬಿಡಿಸುತ್ತಾರೆ. ಕಥೆ ಕುತೂಹಲದ ತುದಿಗೆ ಬಂದಾಗ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ಪ್ರತಿ ಮಗುವೂ ತನ್ನದೇ ಕೊನೆಯನ್ನು ಬರೆಯುತ್ತದೆ. ಶುರು ಎಲ್ಲರದ್ದು, ಕೊನೆ ಅವರವರದ್ದು. ಖಾಲಿ ಹಾಳೆಯ ಭಯ ಇರುವ ಮಗುವಿಗೂ ಇದರಲ್ಲಿ ಹಿಡಿದುಕೊಳ್ಳಲು ಏನಾದರೂ ಇರುತ್ತದೆ.

2. ಯಾರನ್ನು ಕರೆಯಬೇಕು

ದೊಡ್ಡ ಹೆಸರೇ ಬೇಕು ಅನ್ನುವ ಆಸೆ ಶಾಲೆಯವರಿಗೆ ಸಹಜ. ಆದರೆ ಪ್ರಶಸ್ತಿ ಬಂದವರೆಲ್ಲರಿಗೂ ಹತ್ತು ವರ್ಷದ ಮಗುವಿನ ಪಕ್ಕದಲ್ಲಿ ಸಣ್ಣ ಕುರ್ಚಿಯ ಮೇಲೆ ಕೂರುವ ತಾಳ್ಮೆ ಇರುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಎರಡು ಗುಣ. ಒಂದು, ಅವರು ಈಗಲೂ ಬರೆಯುತ್ತಿರಬೇಕು. ಇಪ್ಪತ್ತು ವರ್ಷದ ಹಿಂದೆ ಬರೆದು ನಿಲ್ಲಿಸಿದವರಿಗೆ ಬರೆಯುವಾಗಿನ ಕಷ್ಟ ಮರೆತಿರುತ್ತದೆ. ಎರಡು, ಮಕ್ಕಳು ಹೇಳುವುದನ್ನು ಕೇಳುವ ಕುತೂಹಲ ಇರಬೇಕು.

ಕಥೆ, ಕವಿತೆ ಬರೆಯುವವರು ಮಾತ್ರ ಲೇಖಕರಲ್ಲ ಅನ್ನುವುದೂ ನೆನಪಿರಲಿ. ನಾಟಕ ಬರೆಯುವವರು ಸಂಭಾಷಣೆ ಕಲಿಸುವಷ್ಟು ಚೆನ್ನಾಗಿ ಬೇರೆ ಯಾರೂ ಕಲಿಸುವುದಿಲ್ಲ. ಪತ್ರಕರ್ತರು ಪ್ರಶ್ನೆ ಕೇಳುವುದನ್ನು ಕಲಿಸುತ್ತಾರೆ. ಚಿತ್ರಕಥೆ, ಕಾಮಿಕ್ಸ್, ಹಾಡು ಬರೆಯುವವರು, ಅನುವಾದಕರು ಎಲ್ಲರೂ ಈ ಪಟ್ಟಿಯಲ್ಲಿರಬೇಕು. ಎರಡು ಭಾಷೆ ಆಡುವ ಮಕ್ಕಳು ಜಾಸ್ತಿ ಇರುವ ತರಗತಿಗೆ ಅನುವಾದಕರು ಬಂದರೆ ಆ ಮಕ್ಕಳ ಮುಖವೇ ಬೇರೆಯಾಗುತ್ತದೆ. ಅಲ್ಲಿಯವರೆಗೆ ಕೊರತೆ ಅಂತ ಕಂಡದ್ದು ಅಂದು ಆಸ್ತಿಯಾಗುತ್ತದೆ.

ಹುಡುಕುವುದು ಎಲ್ಲಿ? ಸಣ್ಣ ಸಾಹಿತ್ಯ ಪತ್ರಿಕೆಗಳ ಸಂಪಾದಕರನ್ನು ಕೇಳಿ. ಯಾರು ಬರೆಯುತ್ತಿದ್ದಾರೆ, ಯಾರು ಮಾತಿಗೆ ಸಿಗುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ಗ್ರಂಥಪಾಲಕರು, ಪ್ರಕಾಶಕರು, ನಾಟಕ ತಂಡದವರು, ಪುಸ್ತಕದ ಅಂಗಡಿಯವರು ಕೂಡ ದಾರಿ ತೋರಿಸುತ್ತಾರೆ. ಪೋಷಕರಲ್ಲೇ ಒಬ್ಬರು ಬರೆಯುವವರು ಇರಬಹುದು.

ಮೊದಲ ಮಾತುಕತೆಯಲ್ಲಿ "ನೀವು ಏನು ಕಲಿಸುತ್ತೀರಿ?" ಅಂತ ಕೇಳುವ ಬದಲು "ಮೊದಲ ಹತ್ತು ನಿಮಿಷ ಮಕ್ಕಳ ಕೈಯಲ್ಲಿ ಏನು ಮಾಡಿಸುತ್ತೀರಿ?" ಅಂತ ಕೇಳಿ. ಉತ್ತರದಲ್ಲಿ ಎಲ್ಲಾ ಗೊತ್ತಾಗುತ್ತದೆ. "ಸಾಹಿತ್ಯದ ಮಹತ್ವ ಹೇಳುತ್ತೇನೆ" ಅಂದರೆ ಅವರು ಸಭೆಗೆ ಸರಿ, ತರಗತಿಗೆ ಅಲ್ಲ. "ಜೇಬಲ್ಲಿರುವ ಒಂದು ವಸ್ತು ತೆಗೆಯಿರಿ ಅಂತೀನಿ" ಅಂದರೆ ಕೂಡಲೇ ದಿನಾಂಕ ಕೇಳಿ. ಸಾಧ್ಯವಾದರೆ ಒಂದು ಪ್ರಯೋಗದ ತರಗತಿ ಮಾಡಿ ನೋಡಿ. ಅದಕ್ಕೂ ಗೌರವಧನ ಕೊಡಿ.

3. ದುಡ್ಡು, ಒಪ್ಪಂದ, ಹಕ್ಕು

"ಮಕ್ಕಳಿಗಾಗಿ ಬರುತ್ತೀರಲ್ಲ, ದುಡ್ಡು ಯಾಕೆ?" ಈ ಮಾತು ಎಷ್ಟೋ ಕಡೆ ಕೇಳಿದ್ದೇನೆ. ಇದು ತಪ್ಪು. ಬರವಣಿಗೆ ಅವರ ಕೆಲಸ, ಕಲಿಸುವುದು ಇನ್ನೊಂದು ಕೆಲಸ. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಮಕ್ಕಳು ವಾರಕ್ಕೆ ಎರಡು ಪುಟ ಬರೆದರೆ ನಲವತ್ತು ಪುಟ. ಒಂದು ಪುಟ ಓದಿ ಒಂದೆರಡು ಸಾಲು ಬರೆಯಲು ಮೂರು ನಿಮಿಷ ಅಂದರೂ ಎರಡು ಗಂಟೆ. ಅದಕ್ಕೆ ತಯಾರಿ, ಪ್ರಯಾಣ ಸೇರಿಸಿ. ತರಗತಿಯ ಒಂದು ಗಂಟೆಯ ಹಿಂದೆ ಅರ್ಧ ದಿನ ಇರುತ್ತದೆ. ಗೌರವಧನ ಗೊತ್ತು ಮಾಡುವಾಗ ಈ ಪೂರ್ತಿ ಸಮಯ ಲೆಕ್ಕಕ್ಕೆ ಬರಬೇಕು. ಶಾಲೆಯ ಹತ್ತಿರ ಹಣ ಕಡಿಮೆ ಇದ್ದರೆ ವಾರಗಳನ್ನು ಕಡಿಮೆ ಮಾಡಿ, ಅಥವಾ ಪಕ್ಕದ ಶಾಲೆಯ ಜೊತೆ ಸೇರಿ ಖರ್ಚು ಹಂಚಿಕೊಳ್ಳಿ. ಗೌರವಧನವನ್ನು ಮಾತ್ರ ಸೊನ್ನೆ ಮಾಡಬೇಡಿ.

ಒಪ್ಪಂದ ಒಂದು ಪುಟದಷ್ಟಿದ್ದರೆ ಸಾಕು. ದಿನಾಂಕಗಳು, ಸಮಯ, ಮಕ್ಕಳ ಸಂಖ್ಯೆ, ಗೌರವಧನ, ಅದು ಯಾವಾಗ ಕೈಸೇರುತ್ತದೆ, ಪ್ರಯಾಣ ವೆಚ್ಚ, ತರಗತಿ ರದ್ದಾದರೆ ಏನು, ಇಷ್ಟು ಬರೆದು ಇಬ್ಬರೂ ಸಹಿ ಮಾಡಿ. ಇನ್ನೊಂದು ಸಾಲನ್ನು ಮರೆಯದೆ ಸೇರಿಸಿ: ಮಕ್ಕಳು ಬರೆದದ್ದು ಮಕ್ಕಳದ್ದು. ಶಾಲೆ ಅದನ್ನು ಅಚ್ಚು ಹಾಕಬೇಕಾದರೆ, ಲೇಖಕರು ಎಲ್ಲಾದರೂ ಉದಾಹರಣೆಯಾಗಿ ಬಳಸಬೇಕಾದರೆ, ಮಗುವನ್ನೂ ಪೋಷಕರನ್ನೂ ಕೇಳಬೇಕು.

4. ಮಕ್ಕಳ ಸುರಕ್ಷತೆ

ಇಲ್ಲಿ ಸಂಕೋಚಕ್ಕೆ ಜಾಗ ಇಲ್ಲ. ಲೇಖಕರು ಎಷ್ಟೇ ಪರಿಚಿತರಾಗಿರಲಿ, ಹೊರಗಿನವರಿಗೆ ನಿಮ್ಮ ಶಾಲೆಯಲ್ಲಿ ಯಾವ ಹಿನ್ನೆಲೆ ಪರಿಶೀಲನೆ ಇದೆಯೋ ಅದು ಅವರಿಗೂ ಆಗಬೇಕು. ಶಿಕ್ಷಕರಿಲ್ಲದೆ ಅವರು ಮಕ್ಕಳ ಜೊತೆ ಇರಬಾರದು. ಮಕ್ಕಳ ಜೊತೆ ಫೋನ್ ನಂಬರ್ ಹಂಚಿಕೊಳ್ಳಬಾರದು. ಬರಹಗಳು ಶಿಕ್ಷಕರ ಮೂಲಕವೇ ಹೋಗಿ ಬರಲಿ. ಫೋಟೊಗೆ ಪೋಷಕರ ಒಪ್ಪಿಗೆ ಬೇಕು. ಒಳ್ಳೆಯ ಲೇಖಕರು ಇದರಿಂದ ಬೇಸರ ಮಾಡಿಕೊಳ್ಳುವುದಿಲ್ಲ. ಈ ನಿಯಮಗಳು ಅವರನ್ನೂ ಕಾಪಾಡುತ್ತವೆ.

5. ತರಗತಿಗೆ ಮೊದಲು ಇಬ್ಬರೂ ಕೂತು ಮಾತಾಡಿ

ಜಾಸ್ತಿ ಕಡೆ ಬಿಟ್ಟುಹೋಗುವ ಹೆಜ್ಜೆ ಇದು. ಒಂದು ಗಂಟೆ ಸಾಕು, ಫೋನಿನಲ್ಲಾದರೂ ಸರಿ. ಲೇಖಕರಿಗೆ ಬರೆಯುವುದು ಗೊತ್ತು, ಶಿಕ್ಷಕರಿಗೆ ಮಕ್ಕಳು ಗೊತ್ತು. ಯಾರಿಗೆ ಓದುವುದು ಕಷ್ಟ, ಯಾರು ಗಟ್ಟಿಯಾಗಿ ಓದಲು ಹೆದರುತ್ತಾರೆ, ಯಾವ ಮಗು ಇತ್ತೀಚೆಗೆ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡಿದೆ, ಇದನ್ನೆಲ್ಲ ಹೇಳಿ. "ನಿಮ್ಮ ಅಮ್ಮನ ಬಗ್ಗೆ ಬರೆಯಿರಿ" ಅನ್ನುವ ಸರಳ ಅಭ್ಯಾಸ ಒಂದು ಮಗುವಿಗೆ ಗಾಯ ಆಗಬಹುದು. "ನಿಮಗೆ ಹತ್ತಿರದವರೊಬ್ಬರ ಬಗ್ಗೆ ಬರೆಯಿರಿ" ಅಂದರೆ ಆ ಮಗುವಿಗೂ ದಾರಿ ಇರುತ್ತದೆ.

ಯಾರ ಕೆಲಸ ಯಾವುದು ಅಂತಲೂ ಮಾತಾಡಿಕೊಳ್ಳಿ. ಗಲಾಟೆಯಾದರೆ ಸುಮ್ಮನಿರಿಸುವುದು ಶಿಕ್ಷಕರ ಕೆಲಸ. ಶಿಕ್ಷಕರಿಗೆ ಇನ್ನೂ ಒಂದು ಕೆಲಸ ಇದೆ, ಅದು ಎಲ್ಲಕ್ಕಿಂತ ದೊಡ್ಡದು: ಮಕ್ಕಳ ಜೊತೆ ಕೂತು ಬರೆಯುವುದು. ಹಿಂದಿನ ಬೆಂಚಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂರುವುದಲ್ಲ. ತಮ್ಮ ಮೇಷ್ಟ್ರು ಪೆನ್ನು ಕಚ್ಚಿಕೊಂಡು ಯೋಚಿಸುವುದನ್ನು, ಬರೆದದ್ದನ್ನು ಓದುವಾಗ ಅವರ ದನಿ ನಡುಗುವುದನ್ನು ಮಕ್ಕಳು ನೋಡಬೇಕು. ಲೇಖಕರು ಎಂಟು ವಾರಕ್ಕೆ ಹೋಗಿಬಿಡುತ್ತಾರೆ. ಉಳಿಯುವವರು ಶಿಕ್ಷಕರು. ಅವರು ಬರೆಯದಿದ್ದರೆ ಒಂಬತ್ತನೇ ವಾರ ಎಲ್ಲವೂ ನಿಲ್ಲುತ್ತದೆ.

ಮಕ್ಕಳನ್ನೂ ತಯಾರು ಮಾಡಿ. ಬರುವವರ ಒಂದು ಕಥೆಯನ್ನೋ ಕವಿತೆಯನ್ನೋ ಮುಂಚೆಯೇ ಓದಿಸಿ. ಪ್ರತಿಯೊಬ್ಬರಿಗೂ ಗೆರೆ ಇಲ್ಲದ ಒಂದು ನೋಟ್‌ಬುಕ್ ಕೊಡಿ. ಅದರಲ್ಲಿ ಯಾರೂ ಕೆಂಪು ಇಂಕಿನಲ್ಲಿ ತಿದ್ದುವುದಿಲ್ಲ ಅಂತ ಮಾತು ಕೊಡಿ, ಆ ಮಾತನ್ನು ಉಳಿಸಿಕೊಳ್ಳಿ.

6. ಮೊದಲ ತರಗತಿ

ಸಮಯ ಒಂದೂವರೆ ಗಂಟೆ ಇದ್ದರೆ ಒಳ್ಳೆಯದು. ಸಾಮಾನ್ಯ ಅವಧಿಯ ನಲವತ್ತು ನಿಮಿಷದಲ್ಲಿ ಮಕ್ಕಳು ಬರವಣಿಗೆಗೆ ಇಳಿಯುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಎರಡು ಅವಧಿಗಳನ್ನು ಸೇರಿಸಿಕೊಡಿ ಅಂತ ಮುಖ್ಯ ಶಿಕ್ಷಕರನ್ನು ಮೊದಲೇ ಕೇಳಿಕೊಳ್ಳಿ.

ಪರಿಚಯ ಐದು ನಿಮಿಷ ದಾಟಬಾರದು. ಸನ್ಮಾನ, ಸ್ವಾಗತ ಭಾಷಣ ಬೇಡ. ನೇರವಾಗಿ ಬರೆಯಲು ಕೂರಿಸಿ. ಮೊದಲಿಗೆ ಐದು ನಿಮಿಷ ಪೆನ್ನು ಎತ್ತದೆ ಬರೆಯುವ ಅಭ್ಯಾಸ. ಏನು ಬರೆಯಬೇಕು ಅಂತ ತೋಚದಿದ್ದರೆ "ಏನೂ ತೋಚುತ್ತಿಲ್ಲ" ಅಂತಲೇ ಬರೆಯುತ್ತಾ ಹೋಗುವುದು. ಕಾಗುಣಿತ ನೋಡುವ ಹಾಗಿಲ್ಲ, ಹಿಂದಕ್ಕೆ ಓದುವ ಹಾಗಿಲ್ಲ. ಪೀಟರ್ ಎಲ್ಬೋ ಎಂಬ ಅಮೆರಿಕದ ಅಧ್ಯಾಪಕರು 1970ರ ದಶಕದಲ್ಲಿ ಈ ಕ್ರಮವನ್ನು ತುಂಬಾ ಪ್ರಚಾರಕ್ಕೆ ತಂದರು. ಬರೆಯುವುದು ಮತ್ತು ತಿದ್ದುವುದು ಎರಡು ಬೇರೆ ಕೆಲಸ, ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಎರಡೂ ಕೆಡುತ್ತವೆ ಅನ್ನುವುದು ಇದರ ಹಿಂದಿನ ಯೋಚನೆ. ಬರೆದದ್ದನ್ನು ಯಾರಿಗೂ ತೋರಿಸಬೇಕಿಲ್ಲ ಅಂತ ಮೊದಲೇ ಹೇಳಿ.

ಆಮೇಲೆ ಎಲ್ಲರೂ ಸೇರಿ ಒಂದು ಕವಿತೆ. ಇದಕ್ಕೆ ನನಗೆ ಈಗಲೂ ಅತಿ ಇಷ್ಟವಾದ ಅಭ್ಯಾಸ ಕವಿ ಕೆನೆತ್ ಕೋಕ್ ಅವರದ್ದು. 1968ರಲ್ಲಿ ಅವರು ನ್ಯೂಯಾರ್ಕ್‌ನ ಪಿ.ಎಸ್. 61 ಎಂಬ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಕವಿತೆ ಕಲಿಸಲು ಹೋದರು. ಪ್ರತಿ ಮಗುವೂ ಒಂದು ಹಾಳೆಯ ಮೇಲೆ ಒಂದೇ ಸಾಲು ಬರೆಯಬೇಕು ಅಂದರು. ಸಾಲು "ನನಗೆ ಆಸೆ" ಅಂತ ಶುರುವಾಗಬೇಕು. ಅದರಲ್ಲಿ ಒಂದು ಬಣ್ಣ, ಒಂದು ಕಾಮಿಕ್ಸ್ ಪಾತ್ರ, ಒಂದು ಊರಿನ ಅಥವಾ ದೇಶದ ಹೆಸರು ಇರಬೇಕು. ಹೆಸರು ಬರೆಯುವುದು ಬೇಡ. ಹಾಳೆಗಳನ್ನೆಲ್ಲ ಕೂಡಿಸಿ, ಒಂದೇ ಕವಿತೆ ಅನ್ನುವ ಹಾಗೆ ಗಟ್ಟಿಯಾಗಿ ಓದಿದರು. ಮಕ್ಕಳು ತಮ್ಮ ಸಾಲು ಬಂದಾಗ ಕುಣಿದರು.

ಈ ಅಭ್ಯಾಸ ಯಾಕೆ ಕೆಲಸ ಮಾಡುತ್ತದೆ ಅಂತ ಯೋಚಿಸಿ ನೋಡಿ. ಒಂದು ಸಾಲು ಯಾರಿಗೂ ಭಾರ ಅಲ್ಲ. ಹೆಸರಿಲ್ಲ, ಆದ್ದರಿಂದ ನಾಚಿಕೆ ಇಲ್ಲ. ಆಸೆ ಎಲ್ಲರಿಗೂ ಇದೆ, ಅದರಲ್ಲಿ ಸರಿ ತಪ್ಪು ಅನ್ನುವುದಿಲ್ಲ. ಬಣ್ಣ, ಊರು ಅನ್ನುವ ಶರತ್ತುಗಳು ಮಕ್ಕಳನ್ನು "ಎಲ್ಲರೂ ಸಂತೋಷವಾಗಿರಲಿ" ಅನ್ನುವ ಸಿದ್ಧ ಸಾಲಿನಿಂದ ದೂರ ಎಳೆಯುತ್ತವೆ. ಪ್ರಾಸ ಬೇಡ ಅಂತ ಕೋಕ್ ಮಕ್ಕಳಿಗೆ ಹೇಳುತ್ತಿದ್ದರು. ನಾನೂ ಅದನ್ನೇ ಹೇಳುತ್ತೇನೆ. ಪ್ರಾಸ ಒಳ್ಳೆಯದೇ, ಆದರೆ ಮೊದಲ ದಿನ ಅದರ ಹಿಂದೆ ಬಿದ್ದ ಮಗು ತನಗೆ ಬೇಕಾದ್ದನ್ನು ಬಿಟ್ಟು ಪ್ರಾಸಕ್ಕೆ ಬೇಕಾದ್ದನ್ನು ಬರೆಯುತ್ತದೆ.

ಅವರದ್ದೇ ಇನ್ನೊಂದು ಅಭ್ಯಾಸ "ಮೊದಲು ನಾನು, ಈಗ ನಾನು". ನಮ್ಮ ತರಗತಿಯಲ್ಲಿ ಒಂದು ಹುಡುಗಿ ಬರೆದಳು: "ಮೊದಲು ನಾನು ಕತ್ತಲೆಗೆ ಹೆದರುತ್ತಿದ್ದೆ. ಈಗ ಕತ್ತಲೆಯಾದ ಮೇಲೇ ನನಗೆ ಯೋಚನೆ ಬರುತ್ತದೆ." ಅವಳ ವಯಸ್ಸು ಹನ್ನೊಂದು. ಬಂದಿದ್ದ ಲೇಖಕರು ಆ ಸಾಲನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅದನ್ನು ಅವಳು ನೋಡಿದಳು.

7. ನಡುವಿನ ವಾರಗಳು

ಎರಡನೇ ವಾರದಿಂದ ಒಂದೊಂದು ವಾರ ಒಂದೊಂದು ಕಸುಬು ಹಿಡಿಯಿರಿ. ನೋಡುವುದು ಒಂದು ವಾರ: ಒಂದು ಹಳೆಯ ಚಪ್ಪಲಿಯನ್ನೋ ಬೀಗದ ಕೈಯನ್ನೋ ಮೇಜಿನ ಮೇಲಿಟ್ಟು, ಅದನ್ನು ಬಳಸಿದವರು ಯಾರು ಅಂತ ಬರೆಯುವುದು. ಕೇಳುವುದು ಒಂದು ವಾರ: ಬೇರೆಯವರ ಮಾತುಕತೆಯ ಎರಡು ಸಾಲನ್ನು ಕೇಳಿಸಿಕೊಂಡು ಬಂದು, ಮುಂದಿನದನ್ನು ತಾವೇ ಕಟ್ಟುವುದು. ಸಂಭಾಷಣೆ ಬರೆಯುವಾಗ ಮಕ್ಕಳು ಮನೆಯಲ್ಲಿ ಆಡುವ ಮಾತನ್ನೇ ಬರೆಯಲು ಬಿಡಿ. ಪಾತ್ರಗಳು ಪಠ್ಯಪುಸ್ತಕದ ಭಾಷೆ ಆಡಿದರೆ ಕಥೆಗೆ ಜೀವ ಬರುವುದಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಪ್ರತಿ ಮಗುವೂ ತನಗೆ ಇಷ್ಟವಾದ ಒಂದು ತುಣುಕನ್ನು ಆರಿಸಿಕೊಂಡು ಅದನ್ನೇ ಬೆಳೆಸಲಿ.

ಲೇಖಕರು ತಮ್ಮ ಕರಡನ್ನು ತರಲೇಬೇಕಾದ ವಾರ ಇದು. ಅಚ್ಚಾದ ಪುಸ್ತಕವನ್ನು ಮಾತ್ರ ನೋಡಿದ ಮಗು, ದೊಡ್ಡವರು ಒಂದೇ ಸಲಕ್ಕೆ ಹಾಗೆ ಬರೆಯುತ್ತಾರೆ ಅಂದುಕೊಂಡಿರುತ್ತದೆ. ಗೀಚಿದ, ಬಾಣದ ಗುರುತು ಹಾಕಿದ, ಅರ್ಧ ಪುಟ ಹೊಡೆದುಹಾಕಿದ ಕರಡನ್ನು ಕೈಯಿಂದ ಕೈಗೆ ದಾಟಿಸಿ. ಒಮ್ಮೆ ಒಂದು ಹುಡುಗ ಅಂಥ ಹಾಳೆ ನೋಡಿ ಕೇಳಿದ, "ಸರ್, ನಿಮಗೆ ಯಾರು ಬೈದರು ಅಂತ ಇಷ್ಟೊಂದು ಹೊಡೆದು ಹಾಕಿದ್ದೀರಿ?" ಲೇಖಕರು ಹೇಳಿದರು, "ಯಾರೂ ಬೈಯಲಿಲ್ಲ. ನನಗೇ ಇನ್ನೂ ಚೆನ್ನಾಗಿ ಬೇಕಿತ್ತು." ಅಲ್ಲಿಯವರೆಗೆ ಆ ಹುಡುಗನ ಪಾಲಿಗೆ ತಿದ್ದುವುದು ಅಂದರೆ ಶಿಕ್ಷೆ ಆಗಿತ್ತು.

ತಿದ್ದಿಸುವುದು ಹೇಗೆ? ಪ್ರಶ್ನೆಯಿಂದ. ಒಂದು ಮಗು "ನನ್ನ ತಾತ ತುಂಬಾ ಒಳ್ಳೆಯವರು" ಅಂತ ಬರೆದಿತ್ತು. ಲೇಖಕರು "ನಿನಗೆ ಹೇಗೆ ಗೊತ್ತಾಯಿತು?" ಅಂತ ಕೇಳಿದರು. ಮಗು ಸ್ವಲ್ಪ ಹೊತ್ತು ಸುಮ್ಮನಿತ್ತು. "ನಾನು ಸೈಕಲ್‌ನಿಂದ ಬಿದ್ದಾಗ ಬೈಯಲಿಲ್ಲ. ಸೈಕಲ್ ಬಿಟ್ಟು ನನ್ನ ಮೊಣಕಾಲು ಒರೆಸಿದರು. ಅವರ ಕೈ ನಡುಗುತ್ತಿತ್ತು." "ಅದನ್ನೇ ಬರಿ," ಅಂದರು. ಅಷ್ಟೇ ಪಾಠ. "ಒಳ್ಳೆಯವರು" ಅನ್ನುವ ಪದ ಆಮೇಲೆ ಬೇಕಾಗಲಿಲ್ಲ. ಉಪಯೋಗಕ್ಕೆ ಬರುವ ಪ್ರಶ್ನೆಗಳು ನಾಲ್ಕೈದೇ: ಹೇಗೆ ಗೊತ್ತು? ಆಗ ಏನು ಕಾಣಿಸುತ್ತಿತ್ತು? ಅವರು ಏನು ಅಂದರು? ಇದು ಶುರುವಾಗುವುದು ನಿಜವಾಗಿ ಯಾವ ಸಾಲಿನಿಂದ? ಕೊನೆಯ ಪ್ರಶ್ನೆ ಕೇಳಿದಾಗ ಎಷ್ಟೋ ಮಕ್ಕಳು ತಮ್ಮ ಮೊದಲ ಪ್ಯಾರಾವನ್ನು ತಾವೇ ತೆಗೆದುಹಾಕುತ್ತಾರೆ.

ಮಕ್ಕಳು ಒಬ್ಬರ ಬರಹಕ್ಕೆ ಇನ್ನೊಬ್ಬರು ಮಾತು ಹೇಳುವಾಗ ಒಂದು ನಿಯಮ ಇರಲಿ. ಮೊದಲು ನೆನಪಲ್ಲಿ ಉಳಿದ ಸಾಲನ್ನು ಹೇಳಬೇಕು, ಆಮೇಲೆ ಒಂದು ಪ್ರಶ್ನೆ ಕೇಳಬೇಕು. "ಚೆನ್ನಾಗಿದೆ", "ಚೆನ್ನಾಗಿಲ್ಲ" ಎರಡೂ ಬೇಡ. ಕಾಗುಣಿತ, ವ್ಯಾಕರಣ ಕೊನೆಯ ವಾರಕ್ಕೆ ಇಟ್ಟುಕೊಳ್ಳಿ. ಅವು ಬೇಡ ಅಂತಲ್ಲ. ಅಚ್ಚಿಗೆ ಹೋಗುವ ಬರಹದಲ್ಲಿ ತಪ್ಪು ಇರಬಾರದು ಅಂತ ಆಗ ಮಕ್ಕಳಿಗೇ ಅನ್ನಿಸುತ್ತದೆ.

ಬರೆಯದ ಮಗು ಎಲ್ಲ ತರಗತಿಯಲ್ಲೂ ಇರುತ್ತದೆ. ಒತ್ತಾಯ ಮಾಡಬೇಡಿ, ಸುಮ್ನೆ ಬಿಡಲೂ ಬೇಡಿ. ಪಕ್ಕದಲ್ಲಿ ಕೂತು, ಅದು ಹೇಳಿದ್ದನ್ನು ನೀವು ಬರೆದುಕೊಳ್ಳಿ. ಬಾಯಿಂದ ಬಂದದ್ದೂ ಬರಹವೇ. ತನ್ನ ಮಾತನ್ನು ಇನ್ನೊಬ್ಬರು ಹಾಳೆಯ ಮೇಲೆ ಇಡುವುದನ್ನು ನೋಡಿದ ಮಗು ಮೂರನೇ ಸಲಕ್ಕೆ ಪೆನ್ನು ಕಿತ್ತುಕೊಳ್ಳುತ್ತದೆ. ಮೊಬೈಲಿನಿಂದಲೋ ಚಾಟ್‌ಬಾಟ್‌ನಿಂದಲೋ ಬರೆಸಿಕೊಂಡು ಬರುವ ಚಿಂತೆ ಇದ್ದರೆ, ಮೊದಲ ಕರಡನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಿ. ಬೇರೆ ಉಪಾಯ ಬೇಕಾಗುವುದಿಲ್ಲ.

8. ನೋವು ಕಾಗದದ ಮೇಲೆ ಬಂದರೆ

ಮಕ್ಕಳಿಗೆ ಬರೆಯುವ ಸ್ವಾತಂತ್ರ್ಯ ಕೊಟ್ಟರೆ ಎಂದಾದರೂ ಒಂದು ದಿನ ನಿಜವಾದ ನೋವು ಕಾಗದದ ಮೇಲೆ ಬರುತ್ತದೆ. ಅದಕ್ಕೆ ಮೊದಲೇ ತಯಾರಿರಿ. ಭೂತ, ರಕ್ತ, ಸಾವು ಇರುವ ಕಥೆಯೆಲ್ಲ ಅಪಾಯದ ಸೂಚನೆ ಅಲ್ಲ. ಮಕ್ಕಳಿಗೆ ಅವು ಇಷ್ಟ. "ನಾನು" ಅಂತ ಬರೆದ ಮಾತ್ರಕ್ಕೆ ಅದು ಆ ಮಗುವೇ ಅಂತಲೂ ಅಲ್ಲ. ಆದರೆ ಯಾರೋ ಹೊಡೆಯುತ್ತಾರೆ, ಮುಟ್ಟುತ್ತಾರೆ, ಬದುಕಲು ಮನಸ್ಸಿಲ್ಲ ಅನ್ನುವ ಮಾತು ಬಂದರೆ ಅದನ್ನು ಬರಹ ಅಂತ ಮಾತ್ರ ನೋಡುವ ಹಾಗಿಲ್ಲ.

ಆಗ ಮಾಡಬೇಕಾದ್ದು ಇಷ್ಟು. ಮಗುವಿಗೆ "ಬರೆದದ್ದು ಒಳ್ಳೆಯದಾಯಿತು" ಅಂತ ಹೇಳಿ. "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ. ಕೆದಕಿ ಕೆದಕಿ ಪ್ರಶ್ನೆ ಕೇಳಬೇಡಿ. ಶಾಲೆಯಲ್ಲಿ ಮಕ್ಕಳ ರಕ್ಷಣೆಯ ಜವಾಬ್ದಾರಿ ಯಾರದ್ದೋ ಅವರಿಗೆ ಅದೇ ದಿನ ತಿಳಿಸಿ. ಆ ಬರಹವನ್ನು ತರಗತಿಯಲ್ಲಿ ಓದಬೇಡಿ, ಪುಸ್ತಕಕ್ಕೆ ಸೇರಿಸಬೇಡಿ. ಲೇಖಕರಿಗೆ ಇದನ್ನೆಲ್ಲ ಮೊದಲ ಭೇಟಿಯಲ್ಲೇ ಹೇಳಿರಬೇಕು. ಅಂಥ ಹಾಳೆ ಮೊದಲು ಸೇರುವುದು ಹೆಚ್ಚಾಗಿ ಅವರ ಕೈಯನ್ನೇ. ಮಕ್ಕಳಿಗೆ ಹೊಸಬರ ಹತ್ತಿರ ಹೇಳುವುದು ಕೆಲವೊಮ್ಮೆ ಸುಲಭ.

9. ಪುಸ್ತಕ ಮತ್ತು ಓದು

ಬರೆದದ್ದು ಯಾರಿಗಾದರೂ ತಲುಪಬೇಕು. ಇಂಗ್ಲೆಂಡಿನ ಫಸ್ಟ್ ಸ್ಟೋರಿ ಸಂಸ್ಥೆಯವರು ಶಾಲೆಗಳಲ್ಲಿ ಲೇಖಕರಿಂದ ವಾರ ವಾರ ಬರೆಸಿ, ಕೊನೆಗೆ ಮಕ್ಕಳ ಬರಹಗಳ ಸಂಕಲನ ತರುತ್ತಾರೆ. ಸಣ್ಣ ಮಟ್ಟದಲ್ಲಿ ಇದನ್ನು ಯಾರು ಬೇಕಾದರೂ ಮಾಡಬಹುದು.

ತೀರಾ ಸರಳವಾದದ್ದು ಒಂದೇ ಹಾಳೆಯ ಪುಸ್ತಕ. ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಚ್ಚಿದರೆ ಎಂಟು ಚೌಕ ಬರುತ್ತವೆ. ಅದನ್ನು ಅಡ್ಡಕ್ಕೆ ಒಂದು ಸಲ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಮುಂದಿನ ಗೆರೆಯವರೆಗೆ ಕತ್ತರಿಸಿ. ಬಿಚ್ಚಿದಾಗ ನಡುವೆ ಒಂದು ಸೀಳು ಕಾಣುತ್ತದೆ. ಈಗ ಉದ್ದಕ್ಕೆ ಮಡಚಿ ಎರಡೂ ತುದಿಯಿಂದ ಒಳಕ್ಕೆ ತಳ್ಳಿದರೆ ಸೀಳು ಬಾಯಿ ತೆರೆದು, ಎಂಟು ಪುಟದ ಪುಸ್ತಕ ಆಗುತ್ತದೆ. ಅಂಟು ಬೇಡ, ಹೊಲಿಗೆ ಬೇಡ.

ಎಲ್ಲರ ಬರಹ ಸೇರಿಸಿ ಹೊಲಿಯುವ ಪುಸ್ತಕವಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ಯಾಕೆಂದರೆ ನಡುವೆ ಮಡಚಿದ ಒಂದು ಹಾಳೆ ನಾಲ್ಕು ಪುಟ ಕೊಡುತ್ತದೆ. ಇಪ್ಪತ್ತು ಮಕ್ಕಳಿಗೆ ತಲಾ ಎರಡು ಪುಟ ಅಂದರೆ ನಲವತ್ತು. ಶೀರ್ಷಿಕೆ, ಪರಿವಿಡಿ, ಮುನ್ನುಡಿ, ಒಂದು ಚಿತ್ರ ಸೇರಿ ನಲವತ್ನಾಲ್ಕು. ಅದಕ್ಕೆ ಹನ್ನೊಂದು ಹಾಳೆ, ಮೇಲೆ ಒಂದು ಹೊದಿಕೆ. ಎಲ್ಲ ಮಕ್ಕಳ ಬರಹವೂ ಇರಲಿ. ಒಳ್ಳೆಯದನ್ನು ಮಾತ್ರ ಆರಿಸುವ ಯೋಚನೆ ಬೇಡ. ಸಂಪಾದಕ ಮಂಡಳಿಯಲ್ಲಿ ಮಕ್ಕಳೇ ಇರಲಿ.

ಓದುವ ಸಂಜೆಗೆ ಪೋಷಕರನ್ನು ಕರೆಯಿರಿ. ಒಬ್ಬೊಬ್ಬರಿಗೆ ಎರಡು ನಿಮಿಷ, ಜಾಸ್ತಿ ಬೇಡ. ಹಿಂದಿನ ವಾರ ಮೈಕಿನ ಮುಂದೆ ನಿಂತು ಅಭ್ಯಾಸ ಆಗಿರಲಿ. ತಾನೇ ಓದಲು ಇಷ್ಟ ಇಲ್ಲದ ಮಗುವಿನ ಬರಹವನ್ನು ಗೆಳೆಯರು ಓದಬಹುದು. ಅತಿಥಿಗಳ ಭಾಷಣ ಇಟ್ಟುಕೊಂಡರೆ ಸಂಜೆ ಅವರದ್ದಾಗಿಬಿಡುತ್ತದೆ, ಅಲ್ವಾ? ಮಕ್ಕಳದ್ದಾಗಿಯೇ ಇರಲಿ.

10. ಏನು ಬದಲಾಯಿತು ಅಂತ ನೋಡುವುದು

ಅಂಕ ಕೊಡಬೇಡಿ. ಕೊಟ್ಟ ಕ್ಷಣ ಮಕ್ಕಳು ನಿಮಗೆ ಇಷ್ಟವಾಗುವುದನ್ನು ಬರೆಯಲು ಶುರು ಮಾಡುತ್ತಾರೆ. ಅದರ ಬದಲು ಪ್ರತಿ ಮಗುವಿನ ಮೊದಲ ಕರಡನ್ನೂ ಕೊನೆಯ ಕರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಷ್ಟು ಉದ್ದವಾಯಿತು ಅಂತಲ್ಲ, ಎಲ್ಲಿ ಬದಲಾಯಿತು ಅಂತ. ಮಗುವನ್ನೇ ಕೇಳಿ: "ಇದರಲ್ಲಿ ನೀನು ಯಾಕೆ ಈ ಸಾಲು ತೆಗೆದೆ?" ಅದಕ್ಕೆ ಉತ್ತರ ಕೊಡುವ ಮಗು ಕಲಿತಿದೆ. ಆಡಳಿತದವರಿಗೆ ವರದಿ ಬೇಕಾದರೆ ಇಂಥ ನಾಲ್ಕು ಜೋಡಿ ಹಾಳೆಗಳನ್ನು ಮಗುವಿನ, ಪೋಷಕರ ಒಪ್ಪಿಗೆ ಕೇಳಿ ಲಗತ್ತಿಸಿ.

ಲೇಖಕರು ಹೋದ ಮೇಲೆ ವಾರಕ್ಕೆ ಒಂದು ಅವಧಿಯಾದರೂ ಬರವಣಿಗೆಗೆ ಉಳಿಸಿಕೊಳ್ಳಿ. ಅದೇ ನೋಟ್‌ಬುಕ್, ಅದೇ ಐದು ನಿಮಿಷದ ಅಭ್ಯಾಸ, ನೀವೂ ಬರೆಯುವುದು. ಒಪ್ಪಂದ ಮಾಡುವಾಗಲೇ ಮೂರು ತಿಂಗಳ ನಂತರದ ಒಂದು ದಿನಾಂಕವನ್ನೂ ಗುರುತು ಹಾಕಿಕೊಳ್ಳಿ, ಅದಕ್ಕೂ ಗೌರವಧನ ತೆಗೆದಿಡಿ. ಆ ದಿನ ಪಾಠ ಇಟ್ಟುಕೊಳ್ಳಬೇಡಿ. ಲೇಖಕರು ಬಂದು ಕೂರಲಿ. ಅಷ್ಟು ದಿನ ಬರೆದದ್ದನ್ನು ಮಕ್ಕಳು ತಾವಾಗಿಯೇ ಹಿಡಿದುಕೊಂಡು ಬರುತ್ತಾರೆ.